ಗಾಳದ ಕೋಲು

ನಮ್ಮ ಕಡಬದ ಸೀಮೆಯಲ್ಲಿ ಉದ್ದದ ಕೋಲೆಂದೊಡನೆ ಮೊದಲು ನೆನಪಾಗತಕ್ಕದ್ದು ಅಡಕೆಯ ದೋಟಿ. ಬಿದಿರಿನ ದೋಟಿಯನ್ನೆತ್ತಿ ಹೆಗಲು ನೋಯಿಸಿಕೊಂಡ ಕಾಲ ಹೋಗಿ, ಅಲ್ಯೂಮಿನಿಯಂ ದೋಟಿ ಬಂದು, ಈಗ ಕೆಲವು ವರ್ಷಗಳಿಂದ ಕಾರ್ಬನ್ ಫೈಬರಿನ ದೋಟಿಯು ತೋಟಗಳನ್ನು ಹೊಕ್ಕಿದೆ. ನೆಲದಲ್ಲಿ ನಿಂತು ಮರದ ತಲೆಯ ಗೊನೆಯನ್ನು ಕೊಯ್ಯುವವನಿಗೆ ಕೋಲಿನಲ್ಲಿ ಬೇಕಾದ ಗುಣಗಳು ಎರಡೇ. ಅದು ಹಗುರವಾಗಿರಬೇಕು; ಬಾಗದಿರಬೇಕು. ತುದಿಯು ಓಲಾಡಿತೆಂದರೆ ಕತ್ತಿಯು ಗೊನೆಯ ಬುಡವನ್ನು ಬಿಟ್ಟು ಹಾಳೆಗೆ ತಾಗುತ್ತದೆ. ಬಾಗದ ಕೋಲೇ ಒಳ್ಳೆಯ ಕೋಲೆಂಬ ಈ ನಂಬಿಕೆಯನ್ನು ನಾನು ತೋಟದಿಂದ ಹೊಳೆಗೆ ಕೊಂಡುಹೋದೆನು. ಅದರಿಂದಾದ ಅನರ್ಥವನ್ನು ಹೇಳಲೆಂದೇ ಈ ನಾಲ್ಕು ಮಾತುಗಳು.

ಬಾಲ್ಯದಲ್ಲಿ ನನಗೆ ಗಾಳ ಹಾಕಲು ಕಲಿಸಿದವರು ನನ್ನ ಸೋದರಮಾವ. ಅವರ ಕೋಲು ಓಟೆಯದು. ಘಟ್ಟದ ತಪ್ಪಲಿನ ತೊರೆಗಳ ಬದಿಯಲ್ಲಿ ಹಿಂಡುಹಿಂಡಾಗಿ ಬೆಳೆಯುವ, ಗೆಣ್ಣುಗಳು ದೂರದೂರವಿರುವ ಆ ತೆಳ್ಳನೆಯ ಬಿದಿರನ್ನು ಓದುಗರಲ್ಲಿ ಹಲವರು ಒಲೆ ಊದುವ ಕೊಳವೆಯ ರೂಪದಲ್ಲಾದರೂ ಕಂಡಿರಬಹುದು. ಮಾವ ಬಲಿತ ಓಟೆಯನ್ನು ಆರಿಸಿ ಕಡಿದು, ಬೆಂಕಿಯ ಕಾವಿಗೆ ಹಿಡಿದು ಡೊಂಕು ತಿದ್ದಿ, ಅಡುಗೆಮನೆಯ ಅಟ್ಟದ ಹೊಗೆಯಲ್ಲಿ ಒಂದು ಮಳೆಗಾಲವಿಡೀ ಇರಿಸುತ್ತಿದ್ದರು. ಹೊಗೆ ಕುಡಿದ ಬಿದಿರನ್ನು ಕುಟ್ಟೆಹುಳು ಅಷ್ಟಾಗಿ ಮುಟ್ಟುವುದಿಲ್ಲ. ಚಂದಕ್ಕೆಂದು ಅದರ ಹೊರಸಿಪ್ಪೆಯನ್ನು ಪೀಶಕತ್ತಿಯಿಂದ ಕೆರೆಯಹೋದ ನನಗೆ ಒಮ್ಮೆ ಅದೇ ಓಟೆಯ ರುಚಿಯನ್ನು ಬೆನ್ನಿಗೆ ತೋರಿಸಿದ್ದೂ ಉಂಟು. ಬಿದಿರಿನ ನಾರು ಒತ್ತಾಗಿರುವುದು ಹೊರಮೈಯಲ್ಲಿ. ಅದನ್ನು ಕೆರೆದರೆ ಉಳಿಯುವುದು ಬರಿಯ ಬೆಂಡು. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕದಿಂದ.

ಉದ್ಯೋಗ ಮುಗಿಸಿ ಊರಿಗೆ ಮರಳಿದ ಮೇಲೆ ಹಳೆಯ ಹವ್ಯಾಸ ಪುನಃ ತಲೆಯೆತ್ತಿತು. ಪಟ್ಟಣದ ಅಂಗಡಿಯೊಂದಕ್ಕೆ ಹೋದೆನು. ಹುಡುಗನು ಲೈಟ್, ಮೀಡಿಯಂ, ಹೆವಿ ಎಂದು ಬರೆದ ಮೂರು ಕೋಲುಗಳನ್ನು ಮುಂದಿಟ್ಟನು. ಒಂದೊಂದನ್ನೂ ಗಾಳಿಯಲ್ಲಿ ಬೀಸಿ ನೋಡಿದೆನು. ಮೊದಲಿನೆರಡು ತುದಿ ನಡುಗಿಸಿದುವು. ಮೂರನೆಯದು ದೋಟಿಯಂತೆ ನೆಟ್ಟಗೆ ನಿಂತಿತು. ಬೆಲೆಯೂ ಅದಕ್ಕೇ ಹೆಚ್ಚು. ಇನ್ನೇನು ಬೇಕು? ಜನರು ತಂಗೂಸು ಎನ್ನುವ ನೈಲಾನ್ ದಾರವನ್ನು ಮಾತ್ರ, ನೀರಿನಲ್ಲಿ ಕಾಣಬಾರದೆಂದು, ತೆಳುವಾದದ್ದನ್ನೇ ಕೊಂಡೆನು. ಅದು 4 ಕಿಲೋ ಭಾರವನ್ನು ತಾಳತಕ್ಕದ್ದೆಂದು ಸುರುಳಿಯ ಮೇಲೆ ಬರೆದಿತ್ತು.

ಮಾರ್ಚ್ ತಿಂಗಳ ಒಂದು ಸಾಯಂಕಾಲ. ಕುಮಾರಧಾರೆಯು ಇಳಿದು, ಬಂಡೆಗಳ ನಡುವಣ ಗುಂಡಿಗಳಲ್ಲಿ ಮಾತ್ರ ನೀರು ಆಳವಾಗಿ ನಿಂತಿತ್ತು. ಎಂಬತ್ತು ದಾಟಿದ ಮಾವನೂ ಊರುಗೋಲು ಹಿಡಿದು ಬಂದು ಬಂಡೆಯ ಮೇಲೆ ಕುಳಿತಿದ್ದರು. ಕತ್ತಲಾಗುವ ಹೊತ್ತಿಗೆ ದಾರವು ಒಮ್ಮೆ ಜಗ್ಗಿತು, ನಾನು ಕೋಲನ್ನೆತ್ತಿದೆನು, ನೀರಿನಡಿಯಲ್ಲಿ ತಾಮ್ರದ ಬಣ್ಣದ ಅಗಲವಾದ ಮೈಯೊಂದು ಹೊರಳಿದುದು ಕಾಣಿಸಿತು. ಪೆರುವೋಳು! ಮರುಕ್ಷಣದಲ್ಲಿ ಪಟ್ಟೆಂದು ಸದ್ದಾಗಿ ಕೋಲು ಕೈಯಲ್ಲಿ ಹಗುರಾಯಿತು. ಗಾಳವೂ ಎರಡು ಮಾರು ತಂಗೂಸೂ ಮೀನಿನೊಡನೆ ಹೋದುವು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೋಲು ಎಷ್ಟು ಬಾಗಿತು ಅಳಿಯಾ?” ಎಂದು ಕೇಳಿದರು.

“ಬಾಗಲೇ ಇಲ್ಲ ಮಾವ. ಒಳ್ಳೆಯ ಗಟ್ಟಿಯ ಕೋಲು.”

“ನೀನು ಹೊಳೆಗೆ ದೋಟಿ ತಂದಿದ್ದೀಯೆ ಮಾರಾಯ,” ಎಂದು ಅವರು ಎದ್ದರು. ದಾರಿಯಲ್ಲಿ ಮಾತಿಲ್ಲ.

ಮೀನು ತಪ್ಪಿದ ವ್ಯಥೆ ಎರಡು ದಿನದ್ದು. ಆದರೆ ಅದೇ ತಿಂಗಳಲ್ಲಿ ಮನೆಯವರೊಡನೆ ಕುಕ್ಕೆಗೆ ಹೋಗಬೇಕಾಯಿತು. ಅಲ್ಲಿಯ ಸ್ನಾನಘಟ್ಟದಲ್ಲಿ ಹರಿಯುವುದೂ ಈ ಕುಮಾರಧಾರೆಯೇ. ನಮ್ಮ ಗುಂಡಿಗಿಂತ ಮೇಲೆ, ಅಷ್ಟೆ. ಅಲ್ಲಿರುವುದೂ ಇದೇ ಜಾತಿಯ ಮೀನು. ಕೆಳಗೆ ಅದು ಪೆರುವೋಳು, ಮೇಲೆ ದೇವರ ಮೀನು. ಹೊದಳು ಎರಚಿದೊಡನೆ ನೂರಾರು ಬಾಯಿಗಳು ನೀರಿನ ಮೇಲೆ ತೆರೆದುವು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾನು ಒಂದೊಂದು ತುಟಿಯನ್ನೂ ನೋಡುತ್ತ ನಿಂತಿದ್ದೆನು. ಎಲ್ಲಿಯೂ ತಂಗೂಸಿನ ಎಳೆ ಕಾಣಲಿಲ್ಲ. ಕಾಣಬೇಕಾದ ಕಾರಣವೂ ಇರಲಿಲ್ಲ. ಆದರೂ ಹೊದಳಿನ ಪೊಟ್ಟಣ ನನ್ನ ಕೈಯಲ್ಲಿಯೇ ಉಳಿಯಿತು.

ಮನೆಗೆ ಬಂದ ಮೇಲೆ ಮಾವನಲ್ಲಿ ಕೇಳಿದೆನು. ಅವರು ಅಟ್ಟದಿಂದ ತಮ್ಮ ಓಟೆಯ ಕೋಲನ್ನು ಇಳಿಸಲು ಹೇಳಿ, ಅಂಗಳದಲ್ಲಿ ಎರಡು ಕೋಲುಗಳ ಪರೀಕ್ಷೆ ನಡೆಸಿದರು. ಕೋಲಿನ ಬುಡವನ್ನು ಕಂಬಕ್ಕೆ ಭದ್ರವಾಗಿ ಕಟ್ಟಿ, ತುದಿಯಿಂದ ಬಂದ ಹುರಿಗೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ, ತುದಿಯು ಬುಡಕ್ಕೆ ಲಂಬವಾಗುವ ತನಕ ಎಳೆಯುವುದು. ಓಟೆಗೆ ಬೇಕಾದದ್ದು 450 ಗ್ರಾಂ. ನನ್ನ ಕೋಲಿಗೆ 1350. ವಿಚಿತ್ರವೇನೆಂದರೆ, 1950ರ ದಶಕದಲ್ಲಿ ರಿಚರ್ಡ್ ವಾಕರ್ ಎಂಬವರು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದ ಅಳತೆಯೂ ಇದೇ. ಹೀಗೆ ದೊರೆತ ತೂಕದ ಐದರಷ್ಟನ್ನು ತಾಳುವ ದಾರವು ಆ ಕೋಲಿಗೆ ತಕ್ಕದ್ದೆಂದು ಅಲ್ಲಿಯವರ ಲೆಕ್ಕ. ಆ ಪ್ರಕಾರ ನನ್ನ ಕೋಲಿಗೆ ಸುಮಾರು 7 ಕಿಲೋ ತಾಳುವ ದಾರ ಬೇಕಾಗಿತ್ತು. ನಾನು ಕಟ್ಟಿದ್ದು 4 ಕಿಲೋದ್ದು. ಸಾಲದುದಕ್ಕೆ ರೀಲಿನ ತಿರುಪನ್ನೂ ಅರಿಯದೆ ಪೂರ್ತಿಯಾಗಿ ಬಿಗಿದಿದ್ದೆನು. ಪೆರುವೋಳಿನ ಮೊದಲ ಓಟ ಬಹಳ ಬಿರುಸು. ಆ ಎಳೆತವನ್ನು ಬಾಗುವ ಕೋಲು ತನ್ನ ಮೈಯಲ್ಲಿ ತೆಗೆದುಕೊಂಡು, ಎರಡು ಮೂರು ಮೊಳದ ದೂರಕ್ಕೆ ಹರಡಿ, ಸ್ವಲ್ಪಸ್ವಲ್ಪವಾಗಿ ದಾರಕ್ಕೆ ದಾಟಿಸುತ್ತದೆ. ಬಾಗದ ಕೋಲು ಅದನ್ನು ಒಂದೇ ಪೆಟ್ಟಿಗೆ ದಾಟಿಸುತ್ತದೆ. ಕೋಲು ಬಾಗಿದಷ್ಟೂ ತುದಿಯು ಕೈಯ ಹತ್ತಿರಕ್ಕೆ ಬರುವುದರಿಂದ ಮುಂಗೈಯ ಮೇಲಣ ಭಾರವೂ ಇಳಿಯುತ್ತದೆ. ನನ್ನಂಥ ವಯಸ್ಸಿನವರಿಗೆ ಇದೇನು ಸಣ್ಣ ವಿಷಯವಲ್ಲ.

ಹಾಗೆಂದು ಓಟೆಯೇ ಸರ್ವೋತ್ತಮವೆಂದು ಮಾವ ಹೇಳಲಿಲ್ಲ. ಎರೆಹುಳು ಕಟ್ಟಿ ಮುಗುಡು ಹಿಡಿಯಲು ಅದು ಸಾಕು. ದೊಡ್ಡ ಮೀನಿಗೆ ಮೆದುಕೋಲು ಹಿಡಿದರೆ ಅದು ಬಂಡೆಯಡಿಗೋ ಬೇರಿನ ಸಂದಿಗೋ ಹೊಕ್ಕುಬಿಡುತ್ತದೆ. ಹೊಗದಿದ್ದರೂ ಬಹಳ ಹೊತ್ತು ಸೆಣಸಿ ದಣಿದ ಮೀನು, ಬಿಟ್ಟ ಮೇಲೆಯೂ ಬದುಕುವುದು ಸಂಶಯ. ಎಷ್ಟು ಬಾಗುತ್ತದೆಂಬುದು ಒಂದು ಪ್ರಶ್ನೆ, ಎಲ್ಲಿ ಬಾಗುತ್ತದೆಂಬುದು ಇನ್ನೊಂದು. ಮಾವನ ಮಾತಿನಲ್ಲಿ ತುದಿ ಮಾತ್ರ ಬಾಗುವುದು ‘ತಲೆಬಾಗು’, ಬುಡದ ತನಕ ಬಾಗುವುದು ‘ಮೈಬಾಗು’. ತಲೆಬಾಗಿನ ಕೋಲು ಗಾಳವನ್ನು ಬೇಗ ನಾಟಿಸುತ್ತದೆ, ಸಣ್ಣ ಕುಟುಕನ್ನೂ ಕೈಗೆ ತಿಳಿಸುತ್ತದೆ. ಮೈಬಾಗಿನದು ತೆಳುದಾರವನ್ನು ಕಾಯುತ್ತದೆ. ಅಂಗಡಿಯವರು ಈ ಎರಡನ್ನೂ ಬೆರಸಿ ಮಾತಾಡುವುದರಿಂದಲೇ ಕೊಳ್ಳುವವನು ಮೋಸಹೋಗುವುದು.

ಹೆವಿ, ಮೀಡಿಯಂ ಎಂಬ ಬರವಣಿಗೆಯನ್ನೂ ಪೂರ್ತಿಯಾಗಿ ನಂಬಲಾಗದು. ಒಬ್ಬ ತಯಾರಕನ ಮೀಡಿಯಂ ಇನ್ನೊಬ್ಬನಲ್ಲಿ ಹೆವಿಯಾಗಿರುವುದುಂಟು. ಕಣ್ಣಳತೆಯೂ ಸಾಲದು. ಒಂದೇ ವಸ್ತುವಿನ ಕೋಲಿನ ದಪ್ಪ ಎರಡರಷ್ಟಾದರೆ ಬಿಗಿಯು ಹದಿನಾರರಷ್ಟಾಗುತ್ತದೆ. ಉದ್ದ ಎರಡರಷ್ಟಾದರೆ ಅದೇ ಭಾರಕ್ಕೆ ತುದಿಯು ಎಂಟರಷ್ಟು ಇಳಿಯುತ್ತದೆ. ಬೆರಳಿಗೆ ತಿಳಿಯದ ವ್ಯತ್ಯಾಸ ಹೊಳೆಯಲ್ಲಿ ತಿಳಿಯುತ್ತದೆ. ಗಾಳಿಯಲ್ಲಿ ಬೀಸಿ ನೋಡಿದ್ದು ನನ್ನ ಮೊದಲನೆಯ ತಪ್ಪು. ತುದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬುಡವನ್ನು ನಿಧಾನವಾಗಿ ಎತ್ತಿದರೆ ಕೋಲು ತನ್ನ ಸ್ವಭಾವವನ್ನು ತೋರಿಸುತ್ತದೆ.

ನಮ್ಮ ಜಿಲ್ಲೆಯ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ದೊರೆಯು ಗಾಳದ ಮೀನುಗಾರಿಕೆಯ ಬಗೆಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ದೊಡ್ಡ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಪೆರುವೋಳಿನ ಕುಲದ ಮಹಶೀರ್ ಮೀನಿಗೆ ಅದರಲ್ಲಿ ಅಗ್ರಪೂಜೆ. ಇಷ್ಟು ಹತ್ತಿರದ ವಿದ್ಯೆ ಇಷ್ಟು ದೂರದಿಂದ ನನ್ನನ್ನು ತಲಪಬೇಕಾಯಿತಲ್ಲಾ ಎಂದು ಒಮ್ಮೊಮ್ಮೆ ನಗು ಬರುತ್ತದೆ.

ಈಗ ನನ್ನಲ್ಲಿರುವುದು ಏಳಡಿಯ ಮೀಡಿಯಂ ಕೋಲು. ಮಾವನ ಕಂಬದ ಪರೀಕ್ಷೆಯಲ್ಲಿ 800 ಗ್ರಾಮಿಗೆ ಬಾಗಿದ್ದು. ದಾರ ಅದೇ 4 ಕಿಲೋದ್ದು. ಗಾಳದ ಮುಳ್ಳನ್ನು ಅರದಿಂದ ಉಜ್ಜಿ ತೆಗೆದಿದ್ದೇನೆ, ಒಂದು ವೇಳೆ ತುಂಡಾಗಿ ಹೋದರೂ ಮೀನು ಅದನ್ನು ಕೊಡವಿಕೊಳ್ಳಲೆಂದು. ಪೆರುವೋಳು ಆಮೇಲೆ ಒಮ್ಮೆಯೂ ಸಿಕ್ಕಿಲ್ಲ. ಹೆವಿ ಕೋಲಿನ ತುದಿಗೆ ಮಕ್ಕಳು ಕೊಕ್ಕೆ ಕಟ್ಟಿ ಪೇರಳೆಹಣ್ಣು ಕೊಯ್ಯುತ್ತಾರೆ. ಅದಕ್ಕದು ಬಹಳ ಚೆನ್ನಾಗಿದೆ. ಕುಕ್ಕೆಗೆ ವರ್ಷಕ್ಕೊಮ್ಮೆಯಾದರೂ ಹೋಗುವುದುಂಟು. ಹೊದಳು ಎರಚುವ ಕೆಲಸವನ್ನು ಮೊಮ್ಮಗಳಿಗೆ ಬಿಟ್ಟು ನಾನು ಮೆಟ್ಟಿಲಿನ ಮೇಲೆ ನಿಲ್ಲುತ್ತೇನೆ. ನೀರಿನ ಮೇಲೆ ಬಾಯಿಗಳು ತೆರೆದಾಗ, ಅಜ್ಜ ಏನು ಹುಡುಕುತ್ತಾನೆಂದು ಅವಳು ಇನ್ನೂ ಕೇಳಿಲ್ಲ.