ಕಾಶಿಗೆ ಹೊರಟು ಜಬಲ್ಪುರದಿಂದ ತಿರುಗಿದ್ದು

ಕಾಶಿಗೆ ಹೋಗಿ ಬರುತ್ತೇವೆ ಎಂದು ಓಣಿಗೆಲ್ಲ ಹೇಳಿ, ಗಾಡಿಗೆ ಕಾಯಿ ಒಡೆಸಿ ಕುಂದಗೋಳದಿಂದ ಹೊರಟ ನಾವಿಬ್ಬರೂ ಗಂಗೆಯನ್ನು ಕಾಣದೆ ತಿರುಗಿ ಬಂದೆವು. ಕೇಳಿದವರಿಗೆಲ್ಲ ದಾರಿಯಲ್ಲಿ ಗಾಡಿ ಕೆಟ್ಟಿತು ಎಂದೆ. ಗಾಡಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ನನ್ನ ಹೆಂಡತಿಯ ಆರೋಗ್ಯ, ಕೆಡಿಸಿದವನು ನಾನು. ಬಹಳ ದಿನ ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಈಗ ನಮ್ಮ ಕಡೆಯಿಂದ ಸ್ವಂತ ಕಾರಿನಲ್ಲಿ ಪಂಢರಪುರ, ಶಿರಡಿ, ಶ್ರೀಶೈಲ, ಕಾಶಿ ಎಂದು ಹೊರಡುವ ಗಂಡ-ಹೆಂಡಿರು ಹೆಚ್ಚಾಗಿದ್ದಾರೆ. ಸ್ಟೇರಿಂಗ್ ಹಿಡಿಯುವವರು ಬಹುತೇಕ ನನ್ನಂಥವರೇ. ಅದಕ್ಕೇ ಬರೆಯುತ್ತಿದ್ದೇನೆ.

ಒಕ್ಕಲುತನದ ಮನೆಯವರಿಗೆ ಊರು ಬಿಡಲು ಸಿಗುವ ಹೊತ್ತು ಒಂದೇ. ಮೆಣಸಿನಕಾಯಿ ಬಿಡಿಸಿ, ಕಣದಲ್ಲಿ ಒಣಗಿಸಿ, ಬ್ಯಾಡಗಿ ಮಾರುಕಟ್ಟೆಗೆ ಹಾಕಿ, ಕಡಲೆ ರಾಶಿ ಮುಗಿಸುವಷ್ಟರಲ್ಲಿ ಮಾರ್ಚ್ ದಾಟಿರುತ್ತದೆ. ಜೂನ್ ಬಂದರೆ ಹೆಸರು ಬಿತ್ತಬೇಕು. ನಡುವೆ ಉಳಿಯುವುದು ಏಪ್ರಿಲ್, ಮೇ. ದೇಶ ನೋಡಲು ಅದು ಒಳ್ಳೆಯ ಕಾಲವಲ್ಲ. ಯವತಮಾಳ, ವರ್ಧಾ, ನಾಗಪುರದ ಸೀಮೆಯಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವುದು ಆಗಲೇ. ನಮ್ಮ ದಾರಿ ಅಲ್ಲಿಯೇ ಹಾಯುತ್ತಿತ್ತು.

ಆ ದಾರಿಯನ್ನು ನಾನು ಬಾಯಿಪಾಠ ಮಾಡಿದ್ದೆ. ಹುಬ್ಬಳ್ಳಿಯಿಂದ 52ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಗದ್ದನಕೇರಿ ಕ್ರಾಸ್. ಕೋಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ ವಿಜಯಪುರ, ಸೊಲ್ಲಾಪುರ. ಅಲ್ಲಿಂದ ತುಳಜಾಪುರ, ಲಾತೂರು, ನಾಂದೇಡ, ಯವತಮಾಳ, ವರ್ಧಾ, ನಾಗಪುರ. ಆಮೇಲೆ ಪೆಂಚ್ ಕಾಡು, ಸಿವನಿ, ಜಬಲ್ಪುರ, ಕಟನಿ, ರೀವಾ, ಮಿರ್ಜಾಪುರ, ಕಾಶಿ. ಸುಮಾರು 1,600 ಕಿಲೋಮೀಟರ್. ಯಾವ ದಿನ ಎಷ್ಟು ದೂರ, ಎಲ್ಲಿ ವಸ್ತಿ ಎಂದು ಹಾಳೆಯ ಮೇಲೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೆ. ಆ ಹಾಳೆಯಲ್ಲಿ ಊರುಗಳಿದ್ದವು, ಕಿಲೋಮೀಟರ್ ಇದ್ದವು, ಡೀಸೆಲ್ ಲೆಕ್ಕವಿತ್ತು. ಪಕ್ಕದಲ್ಲಿ ಕೂರುವವಳ ಬಗ್ಗೆ ಒಂದು ಗೆರೆಯೂ ಇರಲಿಲ್ಲ.

ಅವಳ ಮನಸ್ಸಿನಲ್ಲೂ ಒಂದು ಪಟ್ಟಿ ಇತ್ತೆಂದು ನನಗೆ ತಿಳಿಯುತ್ತ ಹೋದದ್ದು ಹಾದಿಯಲ್ಲಿ. ಕೋಲ್ಹಾರ ಬಂದಾಗ, “ಇಲ್ಲಿ ಗಡಿಗಿ ಮೊಸರು ಭಾಳ ಛಲೋ ಅಂತಾರ್ರೀ, ಒಂದೀಟು ನಿಂದರಸ್ರಿ” ಅಂದಳು. ಬಿಸಿಲೇರುವ ಮೊದಲು ಸೊಲ್ಲಾಪುರ ದಾಟಬೇಕಿತ್ತು. “ಬರೂಮುಂದ ತಿನ್ನೋಣು” ಅಂದೆ. ಸೊಲ್ಲಾಪುರದಲ್ಲಿ ಕೆರೆಯ ನಡುವಿನ ಸಿದ್ಧರಾಮೇಶ್ವರನ ಗುಡಿ. ಹನ್ನೆರಡನೆಯ ಶತಮಾನದ ಆ ಶರಣನ ಹೆಸರು ಅವಳ ತವರಿನಲ್ಲಿ ದಿನಾ ಬೆಳಗಿನ ಮಾತು. ಅದನ್ನೂ ಬರೂಮುಂದ ಅಂದೆ. ತುಳಜಾಪುರದ ಅಂಬಾಭವಾನಿಯನ್ನೂ ಹಾಗೆಯೇ ದಾಟಿಸಿದೆ. ಅವಳು ಜಗಳಾಡಲಿಲ್ಲ. ಕಿಟಕಿಯಿಂದಲೇ ಕೈ ಮುಗಿದಳು. ಆಮೇಲೆ ಏನನ್ನೂ ಕೇಳುವುದನ್ನೇ ಬಿಟ್ಟಳು. ಆ ಸುಮ್ಮನಿರುವಿಕೆಯನ್ನು ನಾನು ಒಪ್ಪಿಗೆ ಎಂದುಕೊಂಡೆ.

ಇನ್ನೊಂದನ್ನೂ ಅವಳು ಬಿಟ್ಟಿದ್ದಳು, ನೀರು ಕುಡಿಯುವುದನ್ನು.

ನನಗೆ ಬೇಕೆನಿಸಿದಾಗ ಗಾಡಿ ನಿಲ್ಲುತ್ತಿತ್ತು. ರಸ್ತೆಯ ಅಂಚಿಗೆ ಹಾಕಿ, ನಾಲ್ಕು ಹೆಜ್ಜೆ ಆಚೆ ಹೋಗಿ, ತಿರುಗಿ ನಿಂತು ಬಂದರೆ ಮುಗಿಯಿತು. ಆ ಹೊತ್ತಿನಲ್ಲಿ ಅವಳು ಕಾರಿನೊಳಗೇ ಕೂತಿರುತ್ತಿದ್ದಳು. ನಾಂದೇಡದ ಆಚೆಯದು ನಮ್ಮ ಕುಂದಗೋಳದಂಥದೇ ಎರೆಭೂಮಿ. ಹತ್ತಿ ಕಿತ್ತು ಬೋಳಾದ ಹೊಲ, ಕಣ್ಣು ಹಾಯುವ ತನಕ ಒಂದು ಮರೆ ಇಲ್ಲ. ಊಟಕ್ಕೆ ನಿಂತ ಧಾಬಾದಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಂದು ಪೆಟ್ರೋಲ್ ಬಂಕಿನಲ್ಲಿ ಬೀಗ ಹಾಕಿತ್ತು. ಕೀಲಿಕೈಯನ್ನು ಅವಳೇ ಹೋಗಿ ಕೇಳಬೇಕು, ಹಿಂದಿ ಬಾರದು, ಕೌಂಟರಿನ ಸುತ್ತ ಗಂಡಸರು. ಡೀಸೆಲ್ ಹಾಕಿಸಿ ನಾನು ಹೊರಟೇ ಬಿಟ್ಟೆ. ಅಂದಿನಿಂದ ಅವಳು ತುಟಿ ಒದ್ದೆ ಮಾಡಿಕೊಂಡು ಬಾಟಲಿಯ ಮುಚ್ಚಳ ಹಾಕುತ್ತಿದ್ದಳು. ಸಂಜೆಯವರೆಗೂ ಬಾಟಲಿ ತುಂಬಿದ ಹಾಗೇ ಇರುವುದನ್ನು ನಾನು ನೋಡಿದ್ದೇನೆ. ನೋಡಿ, ಇವಳಿಗೆ ಪ್ರಯಾಣ ರೂಢಿಯಾಯಿತು ಎಂದು ಸಮಾಧಾನಪಟ್ಟಿದ್ದೇನೆ.

ನಾಗಪುರದ ವಸ್ತಿಯಲ್ಲಿ ಸೊಂಟ ನೋಯುತ್ತದೆ ಅಂದಳು. ಕೂತು ಕೂತು ಹಿಡಿದುಕೊಂಡಿರಬೇಕು ಎಂದು ಮುಲಾಮು ಕೊಟ್ಟೆ. ಮರುದಿನ ಸಿವನಿಯ ಹತ್ತಿರ, ಹೊರಗೆ ಬೆಂಕಿಯಂಥ ಬಿಸಿಲಿರುವಾಗ, ಚಳಿ ಎಂದು ಎ.ಸಿ. ಬಂದ್ ಮಾಡಿಸಿ ಸೆರಗು ಹೊದ್ದು ನಡುಗಿದಳು. ಬಿಸಿಲು ಬಡಿದಿದೆ ಎಂದು ಜ್ವರದ ಗುಳಿಗೆ ನುಂಗಿಸಿ ಮತ್ತಷ್ಟು ಜೋರಾಗಿ ಓಡಿಸಿದೆ. ಜಬಲ್ಪುರದ ಹೊರವಲಯದಲ್ಲಿ ವಾಂತಿ ಶುರುವಾಯಿತು. ಸಿಕ್ಕ ಆಸ್ಪತ್ರೆಗೆ ಹೊಕ್ಕೆವು.

ಡಾಕ್ಟರು ಹೆಣ್ಣುಮಗಳು. ನನ್ನ ಹರಕು ಹಿಂದಿಯಲ್ಲಿ ನಾನು ಜ್ವರ, ಬಿಸಿಲು ಎಂದು ಹೇಳುತ್ತಿದ್ದೆ. ಅವರು ನನ್ನನ್ನು ನಡುವೆಯೇ ತಡೆದು, ಇವರು ಕೊನೆಗೆ ಮೂತ್ರಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದರು. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೂ, ಹಗಲು ರಾತ್ರಿ ಪಕ್ಕದಲ್ಲೇ ಇದ್ದವಳ ಬಗ್ಗೆ ಕೇಳಿದ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಕಡೆ ಹೊರಳಿದಳು. ನನ್ನ ಬಾಯಿಂದ ದಾಟಿ ಡಾಕ್ಟರಿಗೆ ಮುಟ್ಟಬೇಕಾದ ಮಾತನ್ನು ಅವಳು ಆಡಲೊಲ್ಲಳು.

ಹುಬ್ಬಳ್ಳಿಯ ಮಗಳಿಗೆ ಫೋನು ಹಚ್ಚಿದೆ. ಅವಳಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಫೋನು ಸ್ಪೀಕರಿನಲ್ಲಿತ್ತು.

“ಅವ್ವಾ, ನೀರ್ಯಾಕ ಕುಡದಿಲ್ಲ?”

“ಕುಡದ್ರ ಒಂದಕ್ಕ ಹೋಗಬೇಕಲ್ಲವಾ. ಎಲ್ಲಿ ಹೋಗ್ಲಿ?”

“ಅಪ್ಪಗ ಹೇಳಬಾರದಾ? ನಿಲ್ಲಸ್ತಿದ್ದ.”

“ಎಷ್ಟ ಸರ್ತೆ ಹೇಳಲಿ? ನಿಲ್ಲಸೂದಂದ್ರ ನಿಮ್ಮಪ್ಪನ ಮಾರಿ ಸಣ್ಣದಾಕ್ಕೈತಿ. ಅವರದೇನೋ ಲೆಕ್ಕ ತಪ್ಪತೈತಂತ.”

ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬಗ್ಗೆ ಕನಿಕರವಿತ್ತು. ಅದೇ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ.

ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ನೀರು ಕಡಿಮೆಯಾಗಿ, ಮೂತ್ರ ಗಂಟೆಗಟ್ಟಲೆ ಚೀಲದಲ್ಲಿ ನಿಂತರೆ ರೋಗಾಣುಗಳು ಬೆಳೆಯಲು ಅವಕಾಶವಾಗುತ್ತದೆ. ಹೆಂಗಸರಲ್ಲಿ ಮೂತ್ರನಾಳ ಗಿಡ್ಡ, ಹಾಗಾಗಿ ಸೋಂಕು ಬೇಗ ಒಳಹೊಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಇವಳಿಗೆ ಅದೂ ಇದೆ. ಸೊಂಟದ ಮೇಲುಭಾಗದ ನೋವು, ನಡುಕದ ಜ್ವರ, ವಾಂತಿ, ಈ ಮೂರೂ ಕೂಡಿದರೆ ಬಿಸಿಲು ಬಡಿದದ್ದೆಂದು ಕೂರಬಾರದು, ಕಿಡ್ನಿಯನ್ನು ನೋಡಿಸಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ಇನ್ನೊಂದು ದಿನ ತಡವಾಗಿ ಸೋಂಕು ರಕ್ತಕ್ಕೆ ಸೇರಿದ್ದರೆ ಜೀವಕ್ಕೇ ಬರುತ್ತಿತ್ತು. ಸಲಾಯಿನ್ ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಹಾದಿಯಲ್ಲಿ ಅವಳು ಕುಡಿಯದೆ ಬಿಟ್ಟ ನೀರನ್ನು ನರದ ಮೂಲಕ ತುಂಬಿಸುತ್ತಿದ್ದರು.

ಆ ವಾರ್ಡಿನ ಬಾಕಿನ ಮೇಲೆ ಕೂತಾಗ ನನಗೆ ನೆನಪಾದದ್ದು ನಮ್ಮವ್ವನ ಕಾಲದ ಚಕ್ಕಡಿ. ಬನದ ಹುಣ್ಣಿಮೆಗೆ ನಮ್ಮೂರಿನಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತಿದ್ದವು. ಹೋಗುವುದಕ್ಕೆ ಹೊತ್ತು ಹಿಡಿಯುತ್ತಿತ್ತು, ಮೈ ನೋಯುತ್ತಿತ್ತು. ಆದರೆ ಎತ್ತಿಗೆ ನೀರು ಬೇಕು, ಮೇವು ಬೇಕು, ನೊಗ ಇಳಿಸಿ ನೆರಳಿಗೆ ಕಟ್ಟಬೇಕು. ಹಳ್ಳ ಬಂದಲ್ಲಿ, ಕೆರೆ ಬಂದಲ್ಲಿ ಕೊಳ್ಳು ಹರಿಯುತ್ತಿದ್ದರು. ಎತ್ತು ನಿಂತಾಗ ಹೆಣ್ಣುಮಕ್ಕಳು ನಾಲ್ಕೈದು ಜನ ಕೂಡಿ ಜಾಲಿ ಮರೆಗೆ ಹೋಗಿ ಬರುತ್ತಿದ್ದರು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾರಿಗೆ ದಣಿವಿಲ್ಲ. ನಿಲ್ಲಿಸು ಎಂದು ಮನುಷ್ಯರೇ ಬಾಯಿಬಿಟ್ಟು ಹೇಳಬೇಕು, ಗಂಡನ ಮುಖ ನೋಡಿ ಹೇಳಬೇಕು. ನಮ್ಮ ಹೆಣ್ಣುಮಕ್ಕಳಿಗೆ ಬಾಯಿಗೆ ಬಾರದ ಮಾತೆಂದರೆ ಅದೊಂದೇ.

ಹೆದ್ದಾರಿಯೂ ಈಗ ನಿಲ್ಲಲು ಬಿಡುವುದಿಲ್ಲ. 2021ರ ಫೆಬ್ರುವರಿ ನಡುವಿನಿಂದ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅದಕ್ಕೂ ಮೊದಲು ಚಿಲ್ಲರೆಗಾಗಿ, ಪಾಳಿಗಾಗಿ ಗಾಡಿ ನಿಲ್ಲುತ್ತಿತ್ತು. ಟೋಲ್ ನಾಕಾದ ಪಕ್ಕದ ಶೌಚಾಲಯ ಕಣ್ಣಿಗೆ ಬೀಳುತ್ತಿತ್ತು. ಈಗ ಗೇಟು ತಾನೇ ಏಳುತ್ತದೆ, ನಾವು ಹಾರಿ ಹೋಗುತ್ತೇವೆ. ಇದು ಅನುಕೂಲವೇ, ಬೇಡವೆನ್ನಲಾರೆ. ಆದರೆ ಉಳಿದ ಹೊತ್ತನ್ನು ನಾವು ಯಾರಿಗೆ ಕೊಟ್ಟೆವು ಎಂದು ನೋಡಿಕೊಳ್ಳಬೇಕು. ನಾನು ಕೊಟ್ಟದ್ದು ಡ್ಯಾಶ್‌ಬೋರ್ಡಿನ ಹಾಳೆಗೆ.

ಹೊರಡುವ ಮುಂಚೆ ನನಗೆ ಹುರುಪು ಕೊಟ್ಟವರು ಮೈಸೂರಿನ ಡಿ. ಕೃಷ್ಣಕುಮಾರ್. ಕೆಲಸ ಬಿಟ್ಟು, ತಂದೆಯ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಮೇಲೆ ಎಪ್ಪತ್ತು ದಾಟಿದ ತಾಯಿ ಚೂಡಾರತ್ನಮ್ಮನವರನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟು ದೇಶ ಸುತ್ತಿದವರು. ಸ್ಕೂಟರಿನ ಮೇಲೆ ಅವರು ಅಷ್ಟು ದೂರ ಹೋದರೆ ಕಾರಿನಲ್ಲಿ ನಮಗೇನು ಎಂದುಕೊಂಡೆ. ಅವರ ಯಾತ್ರೆಯಿಂದ ನಾನು ಎತ್ತಿಕೊಂಡದ್ದು ದೂರವನ್ನು ಮಾತ್ರ. ಅದು ಶುರುವಾದದ್ದು ಎಲ್ಲಿಂದ ಎಂಬುದನ್ನು ಆಸ್ಪತ್ರೆಯಲ್ಲಿ ಕೂತಾಗ ಯೋಚಿಸಿದೆ. ತಾಯಿಯನ್ನು ಕೂರಿಸಿಕೊಂಡು, ಯಾವ ಯಾವ ಊರು ನೋಡಿದ್ದೀಯಮ್ಮ ಎಂದು ಅವರು ಕೇಳಿದ್ದರು. ಸಮೀಪದ ಬೇಲೂರನ್ನೂ ನೋಡಿಲ್ಲ ಎಂದು ತಾಯಿ ಹೇಳಿದ್ದರು. ಹಿಂದೆ ಕೂರುವವರ ಮಾತಿನಿಂದ ಹುಟ್ಟಿದ ಯಾತ್ರೆ ಅದು. ನಮ್ಮದು ನನ್ನ ಹಾಳೆಯಿಂದ ಹುಟ್ಟಿತ್ತು.

ನಮ್ಮೂರಿನವರು ಅಭಿಮಾನದಿಂದ ಹೇಳುವ ಒಂದು ಸಂಗತಿ ಇದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತು ಹೋಗುತ್ತಿದ್ದರು. ನೆಂಟರು ಬಂದಾಗಲೆಲ್ಲ ನಾನೂ ಹೇಳಿದ್ದೇನೆ. ಮನೆಯಿಂದ ಹೊರಬಿದ್ದು ರೈಲು ಹತ್ತುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಆ ಓಡಾಟ ಮೈಗೆ ಎಷ್ಟು ಕಷ್ಟವಾಗಿತ್ತೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಜಬಲ್ಪುರದ ನಂತರ ಆ ಕಥೆ ಹೇಳುವಾಗ ನನಗೆ ಮೊದಲು ನೆನಪಾಗುವುದು ರಾಗವಲ್ಲ, ಆ ಓಡಾಟ.

ಅಳಿಯ ರೈಲಿನಲ್ಲಿ ಬಂದು ಗಾಡಿಯನ್ನು ತಿರುಗಿಸಿಕೊಂಡು ಹೊರಟ. ಮಗಳ ಅಪ್ಪಣೆಯಂತೆ ಎರಡು ತಾಸಿಗೊಮ್ಮೆ ನಿಲ್ಲಿಸಿದ. ಯಾರಿಗೂ ಬೇಕಿರಲಿ ಬೇಡವಾಗಿರಲಿ, ನಿಲ್ಲಿಸಿದ. ಕೀಲಿಕೈಯನ್ನು ತಾನೇ ಇಸಿದುಕೊಂಡು ಬಂದು ಅತ್ತೆಯ ಕೈಗೆ ಕೊಟ್ಟ. ಪಕ್ಕದ ಸೀಟಿನಲ್ಲಿ ಕೂತ ನನಗೆ ಹೋಗುವಾಗ ಕಾಣದ ನೆಲವೆಲ್ಲ ಕಂಡಿತು. ಪೆಂಚ್ ಕಾಡಿನಲ್ಲಿ ಹುಲಿ, ಜಿಂಕೆಗಳು ದಾಟಲೆಂದು ಹೆದ್ದಾರಿಯನ್ನೇ ಮೇಲಕ್ಕೆತ್ತಿ ಕೆಳಗೆ ದಾರಿ ಬಿಟ್ಟಿದ್ದಾರೆ. ಮೂಕಪ್ರಾಣಿಗಳು ಬಂದು ಅರ್ಜಿ ಕೊಟ್ಟಿರಲಿಲ್ಲ. ಅವಕ್ಕೇನು ಬೇಕೆಂದು ತಿಳಿದವರು ಮೊದಲೇ ಯೋಚಿಸಿದ್ದರು. ಸೊಲ್ಲಾಪುರದಲ್ಲಿ ಅಳಿಯ ಗುಡಿಯ ಹತ್ತಿರ ನಿಲ್ಲಿಸಿದ. ಮೆಟ್ಟಿಲಿಳಿದು ಹೋಗುವ ಶಕ್ತಿ ಅವಳಿಗಿರಲಿಲ್ಲ. ನಾನು ಹೋಗಿ ವಿಭೂತಿ ತಂದೆ.

ಮುಂದೆ ಅವಳು ಗುಣವಾದ ಮೇಲೆ ಅಕ್ಕ-ತಂಗಿಯರ ಜೊತೆ ಕಾಶಿಗೆ ಹೋಗಿ ಬಂದಳು. ಕರ್ನಾಟಕ ಸರ್ಕಾರ 2022ರಲ್ಲಿ ಕಾಶಿಯಾತ್ರಿಗಳಿಗೆ 5,000 ರೂಪಾಯಿ ಸಹಾಯಧನ ಕೊಡತೊಡಗಿತು, ಅದೇ ವರ್ಷದ ನವೆಂಬರಿನಲ್ಲಿ ಭಾರತ್ ಗೌರವ್ ರೈಲನ್ನೂ ಓಡಿಸತೊಡಗಿತು. ಅಂಥ ರೈಲಿನಲ್ಲಿ ಹೋದಳು. ಅಲ್ಲಿಯ ಜಂಗಮವಾಡಿ ಮಠಕ್ಕೆ ಹೋಗಿ ಬಂದದ್ದನ್ನು ಬಂದವರಿಗೆಲ್ಲ ಹೇಳಿದಳು. ನನ್ನನ್ನು ಕರೆದಿರಲಿಲ್ಲ. ಕರೆಯಬೇಕಿತ್ತು ಎಂದು ನನಗೂ ಅನಿಸಲಿಲ್ಲ.

ಗಾಡಿ ಓಡಿಸುವ ಗಂಡಸರಿಗೆ ನಾನು ಹೇಳಬೇಕಾದದ್ದು ಇಷ್ಟು. ನಿಲ್ಲಿಸಲೇನು ಎಂದು ಕೇಳಬೇಡಿ. ಕೇಳಿದರೆ “ಬ್ಯಾಡ ಬಿಡ್ರಿ, ಮುಂದ ನೋಡೋಣು” ಎಂಬ ಉತ್ತರವೇ ಬರುತ್ತದೆ, ಅದನ್ನು ನಂಬಬೇಡಿ. ಎರಡು ತಾಸಿಗೊಮ್ಮೆ ಸುಮ್ಮನೆ ನಿಲ್ಲಿಸಿ. ಓಡಿಸುವವನ ಕಣ್ಣಿಗೂ ಅದು ಬೇಕು. ಸಂಜೆ ನೀರಿನ ಬಾಟಲಿ ತುಂಬಿದ ಹಾಗೇ ಇದ್ದರೆ ಎಚ್ಚರಾಗಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಆರೋಗ್ಯ ಕೆಟ್ಟರೆ 1033ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಕುಡಿಯುವ ನೀರು ಮತ್ತು ಶೌಚಾಲಯವನ್ನು ಪೆಟ್ರೋಲ್ ಬಂಕಿನವರು ಪುಕ್ಕಟೆಯಾಗಿ ಕೊಡಬೇಕೆಂಬುದು ತೈಲ ಕಂಪನಿಗಳ ನಿಯಮ. ಡೀಸೆಲ್ ಹಾಕಿಸದಿದ್ದರೂ ಕೇಳಬಹುದು. ಬೀಗ ಹಾಕಿದ್ದರೆ ಕೀಲಿಕೈಯನ್ನು ನೀವೇ ಇಳಿದು ಹೋಗಿ ಇಸಿದುಕೊಂಡು ಬನ್ನಿ.