ಊರಿನ ಹೆಸರು ಹೊತ್ತ ಅಂಗಡಿ

ಹುಟ್ಟಿದ ನೆಲವನ್ನು ಬಿಟ್ಟು ದೂರದೇಶಕ್ಕೆ ಹೊರಟವನು ತನ್ನ ಹೊಲವನ್ನಾಗಲಿ, ಬಾವಿಯನ್ನಾಗಲಿ, ನೆರೆಹೊರೆಯನ್ನಾಗಲಿ ಒಯ್ಯಲಾರನು. ನಾಲಗೆಗೆ ಹತ್ತಿದ ರುಚಿಯೂ ಊರಿನ ಹೆಸರೂ ಮಾತ್ರ ಅವನ ಸಂಗಡ ಸಾಗುತ್ತವೆ. ಉಡುಪಿಯ ಹೆಸರು ಎಷ್ಟೋ ಪರಸ್ಥಳಗಳ ಉಪಾಹಾರಗೃಹಗಳ ಹಲಗೆಯನ್ನೇರಿದುದು ಹೀಗೆಯೇ. ಅಮೆರಿಕದ ಪಶ್ಚಿಮ ತೀರದ ಸಿಯಾಟಲ್ ನಗರದಲ್ಲಿ ಜಪಾನಿನ ಒಂದು ರೇವುಪಟ್ಟಣದ ಹೆಸರನ್ನು ಹೊತ್ತ ಅಂಗಡಿಯೊಂದಿದೆ. ಅದರ ಹೆಸರು ಉವಾಜಿಮಾಯ. ಉವಾಜಿಮಾ ಎಂಬುದು ಶಿಕೋಕು ದ್ವೀಪದ ಊರು. ‘ಯ’ ಎಂದರೆ ಅಂಗಡಿ.

ಇಂದು ಅದು ವಿಶಾಲವಾದ ಮಳಿಗೆ. ಒಳಹೊಕ್ಕವರಿಗೆ ಮೊದಲು ಕಾಣುವುದು ಬಗೆಬಗೆಯ ತಿನಿಸುಗಳ ಸಾಲು. ಬೆಂದಾಗ ಒಂದಕ್ಕೊಂದು ಅಂಟಿಕೊಳ್ಳುವ ಗಿಡ್ಡ ಅಕ್ಕಿಯ ಚೀಲಗಳು, ಕಾಗದದಂತೆ ತೆಳ್ಳಗಿರುವ ಕಡಲಪಾಚಿಯ ಹಾಳೆಗಳು, ಉಪ್ಪಿನಲ್ಲಿ ಹಾಕಿ ಒಣಗಿಸಿದ ಹುಳಿಹಣ್ಣುಗಳು, ಹಸಿರು ಚಹಾದ ಡಬ್ಬಿಗಳು ಅಲ್ಲಿವೆ. ಸೋಯಾ ಅವರೆಯನ್ನು ಬೇಯಿಸಿ, ಉಪ್ಪು ಬೆರೆಸಿ, ಹುದುಗು ಬರಿಸಿ ಮಾಡಿದ ಮಿಸೊ ಅಲ್ಲಿನ ಮುಖ್ಯ ಪದಾರ್ಥ. ಕೆಲವೇ ವಾರ ಹುದುಗಿದ್ದು ನಸುಬಿಳುಪು. ತಿಂಗಳುಗಟ್ಟಲೆ ಕಾದದ್ದು ಕಡುಗೆಂಪು. ಇನ್ನೊಂದು ಕಡೆ ಪಾತ್ರೆಪರಡಿಗಳು. ಒಳಮೈಯಲ್ಲಿ ಗೀರುಗಳನ್ನು ಎಳೆದ ಮಣ್ಣಿನ ಬೋಗುಣಿಯಲ್ಲಿ ಮರದ ಕೋಲಿನಿಂದ ಎಳ್ಳನ್ನು ಅರೆಯುತ್ತಾರೆ. ಅದರ ಬಳಿಯಲ್ಲಿ ಊಟದ ಕಡ್ಡಿಗಳೂ ಅನ್ನದ ಬಟ್ಟಲುಗಳೂ ಇವೆ. ಜಪಾನಿನ ಮನೆಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ಅವರವರದೇ ಬಟ್ಟಲು, ಅವರವರದೇ ಕಡ್ಡಿ. ಬಟ್ಟಲನ್ನು ನೋಡಿದರೆ ಸಾಕು, ಇದು ತಂದೆಯದು, ಇದು ಮಗಳದು ಎಂದು ಮನೆಯವರು ಗುರುತಿಸಬಲ್ಲರು.

ಇಷ್ಟು ದೊಡ್ಡ ಮಳಿಗೆಯ ಆರಂಭ ಬಹಳ ಚಿಕ್ಕದು. ಫುಜಿಮಾತ್ಸು ಮೊರಿಗುಚಿ ಎಂಬ ವಲಸೆಗಾರನು 1928ರಲ್ಲಿ ಸಿಯಾಟಲ್‌ಗೆ ಸಮೀಪದ ಟಕೋಮಾದಲ್ಲಿ ಈ ವ್ಯಾಪಾರವನ್ನು ಆರಂಭಿಸಿದನು. ಮೀನನ್ನು ಅರೆದು ತಿನಿಸು ಮಾಡುವ ಕಸುಬನ್ನು ಅವನು ಕಲಿತದ್ದು ಉವಾಜಿಮಾದಲ್ಲಿ. ತಾನು ಮಾಡಿದ ತಿನಿಸನ್ನು ಲಾರಿಯಲ್ಲಿಟ್ಟುಕೊಂಡು, ಮರ ಕಡಿಯುವ ಮತ್ತು ಮೀನು ಹಿಡಿಯುವ ಶಿಬಿರಗಳಲ್ಲಿದ್ದ ಜಪಾನೀ ಕೂಲಿಕಾರರಿಗೆ ಮಾರುತ್ತಿದ್ದನು. ದಿನವಿಡೀ ದುಡಿದು ಬಳಲಿದವರಿಗೆ ಆ ಲಾರಿ ತಂದುಕೊಡುತ್ತಿದ್ದುದು ಬರಿಯ ಆಹಾರವನ್ನಲ್ಲ, ತವರಿನ ಸುದ್ದಿಯನ್ನು ಎನ್ನಬೇಕು.

1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಫಲವಾಗಿ, ಪಶ್ಚಿಮ ತೀರದಲ್ಲಿದ್ದ ಸುಮಾರು 1,20,000 ಮಂದಿ ಜಪಾನೀ ಮೂಲದವರು ಮನೆಗಳಿಂದ ಹೊರಡಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಕೈಯಲ್ಲಿ ಹಿಡಿಯುವಷ್ಟನ್ನು ಮಾತ್ರ ಒಯ್ಯಲು ಅಪ್ಪಣೆ. ಅಂಗಡಿಗಳು ಮುಚ್ಚಿದವು. ಮೊರಿಗುಚಿಯ ಸಂಸಾರವು ಕ್ಯಾಲಿಫೋರ್ನಿಯದ ಟೂಲಿ ಲೇಕ್ ಶಿಬಿರವನ್ನು ಸೇರಿತು. ಮುಳ್ಳುತಂತಿಯ ಆ ಶಿಬಿರಗಳಲ್ಲಿ ಒಲೆ ಹಚ್ಚುವ ಅಡುಗೆಮನೆ ಯಾವ ಸಂಸಾರಕ್ಕೂ ಇರಲಿಲ್ಲ. ನೂರಾರು ಜನ ಸಾಲಿನಲ್ಲಿ ನಿಂತು ಸಾಮೂಹಿಕ ಭೋಜನಶಾಲೆಯಲ್ಲಿ ಉಣ್ಣಬೇಕಾಗಿತ್ತು. ಅಲ್ಲಿ ತಂದೆಯ ಬಟ್ಟಲು, ಮಗಳ ಬಟ್ಟಲು ಎಂಬ ಭೇದವಿರಲಿಲ್ಲ. ಮನೆಯ ಊಟವೆಂಬುದೇ ಇಲ್ಲವಾಯಿತು.

ಸಿಯಾಟಲ್‌ನ ಹಳೆಯ ಜಪಾನೀ ಕೇರಿಯಲ್ಲಿ ಇದಕ್ಕೆ ಸಾಕ್ಷಿಯೊಂದುಂಟು. 1910ರಲ್ಲಿ ಕಟ್ಟಿದ ಪನಾಮಾ ಹೋಟೆಲಿನ ನೆಲಮಾಳಿಗೆಯಲ್ಲಿ, ಗಡೀಪಾರಾಗುತ್ತಿದ್ದ ಸಂಸಾರಗಳು ತಮ್ಮ ಪೆಟ್ಟಿಗೆಗಳನ್ನೂ ಮನೆಯ ಸಾಮಾನುಗಳನ್ನೂ ಇಟ್ಟುಹೋದವು. ಯುದ್ಧ ಮುಗಿದ ಮೇಲೂ ಅವುಗಳಲ್ಲಿ ಹಲವನ್ನು ಕೇಳಲು ಯಾರೂ ಬರಲಿಲ್ಲ. ದಶಕಗಳವರೆಗೆ ಅವು ಕತ್ತಲೆಯಲ್ಲಿ ಒಡೆಯರಿಗಾಗಿ ಕಾದು ಕುಳಿತವು.

ಮೊರಿಗುಚಿಯಾದರೋ ಮರಳಿ ಬಂದನು. 1945ರಲ್ಲಿ ಶಿಬಿರದಿಂದ ಬಿಡುಗಡೆ ಹೊಂದಿ, ಈ ಬಾರಿ ಸಿಯಾಟಲ್‌ನಲ್ಲಿಯೇ ಅದೇ ಹೆಸರಿನ ಅಂಗಡಿಯನ್ನು ತೆರೆದನು. ವೈರಿದೇಶದ ಊರಿನ ಹೆಸರೆಂದು ಅದನ್ನು ಮರೆಮಾಡಲಿಲ್ಲ. ಮರಳಿದ ಸಂಸಾರಗಳಿಗೆ ಅಕ್ಕಿ, ಮಿಸೊ, ಬಟ್ಟಲು ಎಲ್ಲವೂ ಹೊಸದಾಗಿ ಬೇಕಾಗಿದ್ದವು. 1962ರಲ್ಲಿ ಸಿಯಾಟಲ್‌ನಲ್ಲಿ ವಿಶ್ವಮೇಳ ನಡೆದಾಗ ಅವನ ಮಳಿಗೆ ಅಲ್ಲಿಯೂ ಕಾಣಿಸಿಕೊಂಡಿತು, ಜಪಾನೀಯರಲ್ಲದವರೂ ಗಿರಾಕಿಗಳಾದರು. ಅದೇ ವರ್ಷ ಅವನು ತೀರಿಕೊಂಡನು. ಮಕ್ಕಳು ವ್ಯಾಪಾರವನ್ನು ಬೆಳೆಸಿದರು. 1988ರಲ್ಲಿ ಅಮೆರಿಕದ ಸರ್ಕಾರವು ಅಂದಿನ ಅನ್ಯಾಯಕ್ಕಾಗಿ ಕ್ಷಮೆ ಕೋರಿ, ಬದುಕಿ ಉಳಿದಿದ್ದ ಪ್ರತಿಯೊಬ್ಬ ಬಂಧಿತನಿಗೂ 20,000 ಡಾಲರು ಕೊಡಲು ಶಾಸನ ಮಾಡಿತು.

ಹಣದಿಂದ ಹೊಸ ಬಟ್ಟಲನ್ನು ಕೊಳ್ಳಬಹುದು. ನೆಲಮಾಳಿಗೆಯಲ್ಲಿ ಉಳಿದುಹೋದ ಬಟ್ಟಲಿಗೆ ಅದರ ಒಡೆಯನನ್ನು ತಂದುಕೊಡಲಾಗದು. ಆದರೂ ಒಂದು ಜನಾಂಗವು ತನ್ನ ಊಟವನ್ನು ತಾನೇ ಬೇಯಿಸಿಕೊಂಡು, ತನ್ನವರೊಡನೆ ಕುಳಿತು ಉಣ್ಣುವ ಹಕ್ಕನ್ನು ಮರಳಿ ಪಡೆಯಿತು. ಅದನ್ನು ಪಡೆದದ್ದು ನ್ಯಾಯಾಲಯದ ತೀರ್ಪಿನಿಂದ ಮಾತ್ರವಲ್ಲ, ಮುಚ್ಚಿದ ಬಾಗಿಲನ್ನು ಮತ್ತೆ ತೆರೆದ ಅಂಗಡಿಕಾರರ ದುಡಿಮೆಯಿಂದಲೂ ಹೌದು. ಅನ್ಯರ ಅಡುಗೆಯ ವಾಸನೆಗೆ ಮೂಗು ಮುರಿಯುವ ಮುನ್ನ ಇದನ್ನು ನೆನೆಯುವುದು ಲೇಸು. ಅಪರಿಚಿತವಾದ ಆ ಡಬ್ಬಿಯಲ್ಲಿ ಇರುವುದು ಯಾರದೋ ತಾಯಿಯ ಕೈರುಚಿ.