ಹಳೆಯ ವೇಷದ ಹೊಸ ಕ್ಯಾಮೆರಾ

ಹಳೆಯದಕ್ಕೆ ಈಗ ಹೊಸ ಬೆಲೆ ಬಂದಿದೆ. ಅಟ್ಟ ಸೇರಿದ್ದ ಹಿತ್ತಾಳೆಯ ಹಂಡೆ ಇಳಿದು ಬಂದು ಹಜಾರದಲ್ಲಿ ಹೂವಿನ ಕುಂಡವಾಗಿದೆ. ಈ ಸಾಲಿಗೆ ಕ್ಯಾಮೆರಾವೂ ಸೇರಿಕೊಂಡಿತು. ನಿಕಾನ್ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಹೊರತಂದ ‘ಜೆಡ್ ಎಫ್’ ಎಂಬ ಕ್ಯಾಮೆರಾ ನೋಡುವುದಕ್ಕೆ ಅದೇ ಕಂಪನಿಯ 1982ರ ‘ಎಫ್‌ಎಂ 2’ರ ತಮ್ಮನಂತಿದೆ. ಒಳಗೆ ಮಾತ್ರ ರೀಲೂ ಇಲ್ಲ, ಕನ್ನಡಿಯೂ ಇಲ್ಲ.

ಹಜೀರಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿರುವ ನಮ್ಮ ಮಿತ್ರರೊಬ್ಬರು ಇದನ್ನು ಕೊಂಡರು. ಕಳೆದ ನವರಾತ್ರಿಯಲ್ಲಿ ಒಂದು ವಾರ ಅವರ ಕ್ಯಾಮೆರಾ ನಮ್ಮ ಮನೆಯ ಅತಿಥಿಯಾಗಿತ್ತು. ಹನ್ನೆರಡನೆಯ ತರಗತಿಯಲ್ಲಿ ಓದುವ ನಮ್ಮ ಮಗಳಿಗೆ ಅಂಥದೇ ಒಂದು ಬೇಕೆಂಬ ಆಸೆ ಹುಟ್ಟಿತು. ಬರುವ ಜೂನಿಗೆ ಅವಳು ಹಾಸ್ಟೆಲಿಗೆ ಹೊರಡುವವಳು. ಅತ್ತ ಹಾವೇರಿ ಜಿಲ್ಲೆಯ ಊರಿನಲ್ಲಿ ನಮ್ಮ ಅವ್ವನಿಗೆ ಎಪ್ಪತ್ತೆಂಟು ತುಂಬಿದೆ. ಎಲ್ಲರೂ ಕೂಡಿರುವ ದಿನಗಳು ಬೆರಳೆಣಿಕೆಗೆ ಬಂದಿರುವಾಗ ಒಳ್ಳೆಯ ಚಿತ್ರ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಆದ್ದರಿಂದ ನಾವು ಅದರ ಗುಣದೋಷಗಳನ್ನು ತಕ್ಕಡಿಗೆ ಹಾಕಿ ನೋಡಿದೆವು. ನಮ್ಮ ಬಳಗದಲ್ಲಿ ಇತರರ ಮನೆಗಳಲ್ಲೂ ಇಂಥ ಪ್ರಶ್ನೆ ಎದ್ದಿರಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕನ್ನಡಿಯ ಮಾತು. ಹಿಂದಿನ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಓರೆಯಾಗಿ ನಿಂತ ಒಂದು ಕನ್ನಡಿ ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತಿತ್ತು. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕು ರೀಲಿಗೆ ತಾಕುತ್ತಿತ್ತು. ಈಗಿನದರಲ್ಲಿ ಬೆಳಕು ನೇರವಾಗಿ ಸೆನ್ಸರಿಗೇ ಬೀಳುತ್ತದೆ. ಅದು ಕಂಡದ್ದನ್ನು ಕಿಂಡಿಯೊಳಗಿನ ಪುಟ್ಟ ಪರದೆ ನಮಗೆ ತೋರಿಸುತ್ತದೆ. ಚಿತ್ರ ಕಪ್ಪಾದೀತೋ ಬೆಳ್ಳಗಾದೀತೋ ಎಂಬುದು ಒತ್ತುವ ಮೊದಲೇ ತಿಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಇನ್ನು ಗುಣಗಳು. ತಲೆಯ ಮೇಲೆ ಹಿತ್ತಾಳೆಯಲ್ಲಿ ಮಾಡಿದ ಚಕ್ರಗಳಿವೆ. ಷಟರಿನ ವೇಗಕ್ಕೊಂದು, ಐಎಸ್‌ಒಗೊಂದು, ಬೆಳಕು ಹೆಚ್ಚುಕಡಿಮೆ ಮಾಡಲು ಇನ್ನೊಂದು. ಮೆನುವಿನೊಳಗೆ ಹೊಕ್ಕು ತಡಕಾಡಬೇಕಾಗಿಲ್ಲ. ಯಂತ್ರವನ್ನು ಹೊತ್ತಿಸುವ ಮೊದಲೇ ಅಂಕಿಗಳು ಕಣ್ಣಿಗೆ ಕಾಣುತ್ತವೆ. ಕಪ್ಪು-ಬಿಳುಪಿಗೆ ಬೇರೆಯೇ ಸನ್ನೆಯುಂಟು. ಸೆನ್ಸರು ಹಳೆಯ ರೀಲಿನ ಚೌಕಟ್ಟಿನಷ್ಟೇ, ಅಂದರೆ ಸುಮಾರು 36×24 ಮಿಲಿಮೀಟರು; ಆದ್ದರಿಂದ ಮಂದ ಬೆಳಕಿನಲ್ಲಿ ಫೋನಿಗಿಂತ ಬಹಳ ಮುಂದು. ಮುಖ ಕಂಡರೆ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುತ್ತದೆ.

ಕೈ ನಡುಗಿದರೂ ಚಿತ್ರ ನಡುಗದಂತೆ ಸೆನ್ಸರನ್ನೇ ಅಲುಗಿಸಿ ಸರಿದೂಗಿಸುವ ಏರ್ಪಾಡೂ ಇದೆ. ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು, ಬಿ.ಎಸ್‌ಸಿ.ಯಲ್ಲಿ ಕಲಿತ ಭೌತಶಾಸ್ತ್ರ ಕಚೇರಿಯಲ್ಲಿ ಉಪಯೋಗಕ್ಕೆ ಬಾರದಿದ್ದರೂ ಇಲ್ಲಿ ಬಂತು. ಈ ಏರ್ಪಾಡು ನಮ್ಮ ಕೈಯನ್ನು ನಿಲ್ಲಿಸೀತು, ಗರಬಾ ಆಡುವವರ ಕಾಲನ್ನು ನಿಲ್ಲಿಸಲಾರದು. ಸೆಕೆಂಡಿಗೆ ಒಂದು ಮೀಟರು ಚಲಿಸುವ ಪಾದ, ಷಟರು 1/15 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಏಳು ಸೆಂಟಿಮೀಟರಿನಷ್ಟು ಸರಿದುಹೋಗುತ್ತದೆ. 1/250ಕ್ಕೆ ಇಳಿಸಿದರೆ ನಾಲ್ಕು ಮಿಲಿಮೀಟರು ಮಾತ್ರ. ತಾಪಿಯ ಸೇತುವೆಯ ದೀಪಗಳಿಗೆ ಒದಗುವ ಉಪಕಾರ ನಮ್ಮ ಗಲ್ಲಿಯ ಶೇರಿ ಗರಬಾಕ್ಕೆ ಒದಗುವುದಿಲ್ಲ. ಜಾಹೀರಾತು ಓದುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ದೋಷಗಳೂ ಇಲ್ಲದಿಲ್ಲ. ಹಳೆಯ ರೂಪ ಉಳಿಸುವ ಹಟದಿಂದ ಮುಂಭಾಗವನ್ನು ಬಹುಮಟ್ಟಿಗೆ ಬೋಳಾಗಿಯೇ ಬಿಟ್ಟಿದ್ದಾರೆ; ಬೆರಳಿಗೆ ಹಿಡಿತ ಸಾಲದು. ಬ್ಯಾಟರಿ, ಕಾರ್ಡು ಸೇರಿ 710 ಗ್ರಾಂ, ಲೆನ್ಸಿನ ಭಾರ ಬೇರೆ. ಎರಡನೆಯ ಕಾರ್ಡು ಫೋನಿಗೆ ಹಾಕುವಂಥ ಚಿಕ್ಕ ಮೈಕ್ರೋ ಎಸ್‌ಡಿ. ಇನ್ನೊಂದು ವಿಚಿತ್ರವೆಂದರೆ, ಇದಕ್ಕೆ ಒಪ್ಪುವಂತೆ ಹಳೆಯ ವೇಷ ತೊಡಿಸಿದ 40 ಮಿಲಿಮೀಟರಿನ ಲೆನ್ಸಿಗೆ ಅಪರ್ಚರ್ ಉಂಗುರವೇ ಇಲ್ಲ. ಜುಟ್ಟು ಬಿಟ್ಟವರೆಲ್ಲ ವೇದ ಬಲ್ಲವರಲ್ಲ. ಎಫ್‌ಎಂ 2ರಲ್ಲಿ ಬೆಳಕಿನ ಅಳತೆಗೆ ಮಾತ್ರ ಬ್ಯಾಟರಿ ಬೇಕಿತ್ತು, ಅದು ಸತ್ತರೂ ಷಟರು ಓಡುತ್ತಿತ್ತು. ಇದರಲ್ಲಿ ಬ್ಯಾಟರಿ ಮುಗಿದರೆ ಹಿತ್ತಾಳೆಯ ಚಕ್ರ ತಿರುಗಿಸಿ ಆಟವಾಡಬಹುದು, ಅಷ್ಟೆ.

ಎಲ್ಲಕ್ಕಿಂತ ದೊಡ್ಡ ದೋಷ ಬೆಲೆ. ಲೆನ್ಸಿಲ್ಲದ ಬರೀ ಡಬ್ಬಿಗೆ ಬಿಡುಗಡೆಯ ಹೊತ್ತಿನಲ್ಲಿ ಒಂದು ಲಕ್ಷ ಎಪ್ಪತ್ತಾರು ಸಾವಿರದ ಮೇಲೆ ಚಿಲ್ಲರೆ. ಕೇಂದ್ರ ಸರಕಾರದ ನಮ್ಮಂಥ ಗುಮಾಸ್ತರಿಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಅಡ್‌ಹಾಕ್ ಬೋನಸ್ಸು 6,908 ರೂಪಾಯಿ. ಭಾಗಿಸಿ ನೋಡಿದರೆ ಇಪ್ಪತ್ತೈದು ದೀಪಾವಳಿ ಕಳೆದರೂ ಸಾಲ ತೀರದು. ಅಷ್ಟರೊಳಗೆ ನಮಗೆ ನಿವೃತ್ತಿಯೇ ಆಗಿರುತ್ತದೆ. ನಮ್ಮ ಮನೆಯವರು ಈ ಲೆಕ್ಕವನ್ನು ಕಾಗದ-ಪೆನ್ಸಿಲಿಲ್ಲದೆ ಮುಗಿಸಿದರು. “ರೊಕ್ಕ ಎಲ್ಲಾ ಡಬ್ಬಿಗೆ ಹಾಕಿದ್ರ, ಅತ್ತಿ ಮುಖಾ ನೋಡಾಕ ಊರಿಗೆ ಹೋಗೂದು ಯಾವಾಗ?”

ಮಗಳ ಮಾತಿನಲ್ಲೂ ತೂಕವಿತ್ತು. “ಅಪ್ಪಾ, ಇದರಾಗ ತೆಗೆಯೋ ಮುಂದ ವಿಚಾರ ಮಾಡ್ತೀನಿ. ಫೋನಿನಾಗ ಬರೇ ಒತ್ತತೀನಿ.” ಇದೇ ಈ ಕ್ಯಾಮೆರಾದ ನಿಜವಾದ ಗುಣವೆಂದು ನಮಗನಿಸಿತು. ಅಂದ ಮೇಲೆ ಕೇಳಬೇಕಾದ ಪ್ರಶ್ನೆ ಇದು: ಆ ವಿಚಾರ ಮಾಡುವ ಅಭ್ಯಾಸ ಕಡಿಮೆ ಬೆಲೆಗೆ ದೊರಕದೆ?

ಇದಕ್ಕೆ ಉತ್ತರ ಗುಜರಾತಿನ ಮಣ್ಣಿನಲ್ಲೇ ಇದೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನಮ್ಮ ತಂದೆಯವರಲ್ಲಿದ್ದದ್ದು ‘ಆಗ್ಫಾ ಕ್ಲಿಕ್ 3’ ಎಂಬ ಡಬ್ಬಿ ಕ್ಯಾಮೆರಾ. ಅದನ್ನು ಭಾರತದಲ್ಲಿ ತಯಾರಿಸುತ್ತಿದ್ದುದು ಬರೋಡೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್. ಹಾವೇರಿಯ ಕಡೆಯ ನಮ್ಮ ಮನೆಯ ಆಲ್ಬಮ್ಮಿನ ಬೇರು ಈಗ ನಾವು ಅನ್ನ ತಿನ್ನುತ್ತಿರುವ ನಾಡಿನಲ್ಲಿತ್ತು! ಬಿಸಿಲು-ಮೋಡಗಳ ಗುರುತು, ರೀಲಿನ ಅಂಕಿ ನೋಡಲು ಹಿಂದೊಂದು ಕೆಂಪು ಕಿಂಡಿ, ಇಷ್ಟೇ ಅದರ ಸಲಕರಣೆ. ಒಂದು ರೀಲಿಗೆ ಹನ್ನೆರಡೇ ಚಿತ್ರ. ಹನ್ನೆರಡೇ ಇದ್ದುದರಿಂದ ಹನ್ನೆರಡಕ್ಕೂ ವಿಚಾರವಿತ್ತು. ತಂದೆಯವರು ಈಗಿಲ್ಲ, ಅವರು ತೆಗೆದ ಚಿತ್ರಗಳು ಅವ್ವನ ಟ್ರಂಕಿನಲ್ಲಿವೆ.

ಸೂರತ್ತಿಗೆ ನೆರೆಯ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದ ಹೋಮಾಯಿ ವ್ಯಾರಾವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಅವರು ಕೊನೆಯ ದಿನಗಳನ್ನು ಕಳೆದದ್ದು ವಡೋದರೆಯಲ್ಲಿ, ತೀರಿಕೊಂಡದ್ದು 2012ರಲ್ಲಿ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ಬದುಕನ್ನು ಚಿತ್ರಗಳಲ್ಲಿ ಹಿಡಿದಿಟ್ಟವರು. ಇಬ್ಬರ ಕಾಲದ ಕ್ಯಾಮೆರಾಗಳೂ ಕಣ್ಣು ಹುಡುಕುತ್ತಿರಲಿಲ್ಲ. ಹುಡುಕುವ ಕೆಲಸ ಹಿಡಿದವರದೇ ಆಗಿತ್ತು.

ಇನ್ನೊಂದು ಮಾತು. ಅವ್ವನಿಗೆ ಕಣ್ಣಿನ ಪೊರೆ ತೆಗೆಸಿದೆ. ಫೋನಿನಲ್ಲಿ ಮೊಮ್ಮಗಳನ್ನು ತೋರಿಸಿದರೆ ಆಕೆ ಪ್ರೀತಿಯಿಂದ ಕೆನ್ನೆ ಮುಟ್ಟಲು ಹೋಗುತ್ತಾಳೆ. ಬೆರಳು ತಾಗಿದೊಡನೆ ಚಿತ್ರ ಜಾರಿ ಇನ್ನೊಂದು ಬರುತ್ತದೆ. “ಅಯ್ಯ, ಹೋತು ನೋಡು” ಎನ್ನುತ್ತಾಳೆ. ಎರಡು ಲಕ್ಷದ ಕ್ಯಾಮೆರಾದಲ್ಲಿ ತೆಗೆದದ್ದನ್ನೂ ಕೊನೆಗೆ ಫೋನಿಗೇ ಕಳಿಸುವುದಾದರೆ ಅದೂ ಹೀಗೆಯೇ ಜಾರಿ ಹೋಗುತ್ತದೆ. ಮುಟ್ಟಿದರೆ ಜಾರದ ಚಿತ್ರ ಕಾಗದದ್ದು ಮಾತ್ರ.

ಹೀಗಾಗಿ ನಾವು ಕೊಳ್ಳಲಿಲ್ಲ. ಬದಲಿಗೆ ಮನೆಯಲ್ಲಿ ಒಂದು ಕಾಯಿದೆಯಾಯಿತು: ತಿಂಗಳಿಗೆ ಹನ್ನೆರಡೇ ಚಿತ್ರ, ಆರಿಸುವವಳು ಮಗಳು. ಅಚ್ಚು ಹಾಕಿಸಿ, ಹಿಂದೆ ಕನ್ನಡದಲ್ಲಿ ಎರಡು ಸಾಲು ಬರೆದು ಅವ್ವನಿಗೆ ಅಂಚೆಗೆ ಹಾಕಬೇಕು. ಆ ಎರಡು ಸಾಲಿನ ನೆಪದಲ್ಲಿ, ಗುಜರಾತಿನಲ್ಲೇ ಹುಟ್ಟಿ ಬೆಳೆದ ಹುಡುಗಿಯ ಒತ್ತಕ್ಷರಗಳೂ ತಿದ್ದಿಕೊಳ್ಳುತ್ತಿವೆ. ಕ್ಯಾಮೆರಾಕ್ಕೆಂದು ಕೂಡಿಟ್ಟ ಅಲ್ಪಸ್ವಲ್ಪ ಹಣ ಬೇಸಿಗೆಯಲ್ಲಿ ಊರಿಗೆ ಹೋಗುವ ಟಿಕೆಟ್ಟಿಗೆ ಮೀಸಲು.

ಹಾಗೆಂದು ಆ ಕ್ಯಾಮೆರಾವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮನೆಯಲ್ಲಿ ಎಫ್‌ಎಂ 2ರ ಕಾಲದ ಲೆನ್ಸುಗಳಿದ್ದು ಅಡಾಪ್ಟರ್ ಹಾಕಿ ಬಳಸುವವರು, ಚಕ್ರ ತಿರುಗಿಸಿ ಕಲಿಯುವ ತಾಳ್ಮೆಯುಳ್ಳವರು, ಸಾಲ ಮಾಡದೆ ಕೊಳ್ಳಬಲ್ಲವರು ಧಾರಾಳವಾಗಿ ಕೊಳ್ಳಲಿ. ಬರೀ ಅಂದಕ್ಕೆ ಮರುಳಾದವರು ಒಂದು ವಾರ ಯಾರಿಂದಲಾದರೂ ಎರವಲು ತಂದು ನೋಡುವುದು ಲೇಸು. ನಮ್ಮ ಮಗಳು ಮಾತ್ರ ಮೊದಲ ಸಂಬಳದಲ್ಲಿ ತಾನೇ ಕೊಳ್ಳುವೆನೆಂದು ಘೋಷಿಸಿದ್ದಾಳೆ. ಅಲ್ಲಿಯವರೆಗೆ ಹನ್ನೆರಡರ ಲೆಕ್ಕ ನಡೆಯುತ್ತಿರಲಿ.